ರೆಡಿ: ಒಂದು ಗುಣವಾಚಕದ ಅರ್ಥ ಮತ್ತು ಬಳಕೆ

ಇಂಗ್ಲಿಷಿನಿಂದ ಬಂದು ಕನ್ನಡದ ದಿನಬಳಕೆಯಲ್ಲಿ ಬೇರುಬಿಟ್ಟ ಗುಣವಾಚಕಗಳಲ್ಲಿ ‘ರೆಡಿ’ ಒಂದು. ಕೆಲಸಕ್ಕೆ ಬೇಕಾದ ಏರ್ಪಾಡೆಲ್ಲ ಮುಗಿದಿದೆ, ಇನ್ನು ಕೈಹಚ್ಚುವುದಷ್ಟೇ ಬಾಕಿ ಎಂಬುದು ಇದರ ಮೂಲಾರ್ಥ. ಒಪ್ಪಿಗೆ, ಚುರುಕು, ಕೈಗೆಟಕುವಷ್ಟು ಹತ್ತಿರ ಇರುವುದು ಎಂಬ ಅರ್ಥಗಳು ಅದರಿಂದ ಕವಲೊಡೆದಿವೆ. ಇದು ಬರುವ ಮೊದಲೂ ಕನ್ನಡದಲ್ಲಿ ಸಿದ್ಧ, ತಯಾರು, ಅಣಿ, ಸಜ್ಜು, ಸನ್ನದ್ಧ, ಹದ ಎಂಬ ಮಾತುಗಳಿದ್ದವು, ಈಗಲೂ ಇವೆ. ಆದರೂ ಇದು ಗೆದ್ದಿತು. ಹಳೆಯ ಮಾತುಗಳೆಲ್ಲ ವಸ್ತು ಹೇಗೆ ಅಣಿಯಾಯಿತು ಎಂಬ ಸುಳಿವನ್ನು ತಮ್ಮೊಳಗೆ ಇಟ್ಟುಕೊಂಡಿವೆ; ರೆಡಿಗೆ ಆ ಗೊಡವೆ ಇಲ್ಲ, ‘ಈಗ ಆಗಿದೆಯೋ ಇಲ್ಲವೋ’ ಎಂಬುದಷ್ಟೇ ಅದಕ್ಕೆ ಬೇಕು. ಈ ಪದದ ಕಥೆ ಹೇಳುವಾಗ ಪುಣೆಯ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಮುಖ್ಯ ಕಾರಣ ಅಲ್ಲಿನ ಡೆಕ್ಕನ್ ಕಾಲೇಜು. ಗುಣವಾಚಕವೆಂದರೇನು ಎಂದು ಆಳವಾಗಿ ಯೋಚಿಸಿದ ಕನ್ನಡಿಗರೊಬ್ಬರು ಪಳಗಿದ್ದು ಅಲ್ಲೇ.

ಇಂಗ್ಲಿಷಿನಲ್ಲಿ ಇದು ಬಹಳ ಹಳೆಯ ಮಾತು. ಹಳೆಯ ಇಂಗ್ಲಿಷ್ ರೂಪ ‘ಗೆರ್‍ಯಾಡೆ’ಗೆ ಜರ್ಮನ್ನಿನ ‘ಬೆರೈಟ್’ ದಾಯಾದಿ. ಕುದುರೆ ಸವಾರಿ ಎಂಬ ಅರ್ಥದ ‘ರೈಡ್’ ಹುಟ್ಟಿದ ಧಾತುವಿಗೇ ಇದನ್ನೂ ಜೋಡಿಸುವುದು ವಾಡಿಕೆ: ಜೀನು ಬಿಗಿದು ಹೊರಡಲು ನಿಂತ ಸ್ಥಿತಿ. ‘ಆಲ್‌ರೆಡಿ’ ಎಂಬ ಕ್ರಿಯಾವಿಶೇಷಣ ‘ಎಲ್ಲವೂ ಅಣಿ’ ಎಂಬುದರಿಂದ ಬಂದು ‘ಆಗಲೇ’ ಎಂಬ ಅರ್ಥಕ್ಕೆ ಜಾರಿತು. ಕನ್ನಡದಲ್ಲಿ ಎರಡೂ ಧಾರಾಳವಾಗಿ ಓಡಾಡುತ್ತವೆ, ಆದರೆ ‘ಆಲ್‌ರೆಡಿ ಹೋದ’ ಎನ್ನುವವರಿಗೆ ಅದರೊಳಗಿನ ರೆಡಿ ಕೇಳಿಸುವುದೇ ಇಲ್ಲ. ಲ್ಯಾಟಿನ್ ಮೂಲದ ‘ಪ್ರಿಪೇರ್ಡ್’ ಇಂಗ್ಲಿಷಿನಲ್ಲಿ ಇದರ ಓರಗೆಯದು. ಅದರಲ್ಲಿ ಮುಂಚಿತವಾಗಿ ಮಾಡಿದ ಶ್ರಮದ ನೆನಪಿದೆ. ಅದು ಕನ್ನಡದ ಮಾತಿಗೆ ಇಳಿದದ್ದು ಕಡಿಮೆ. ಅದೇ ಕುಲದ ‘ಪ್ರಿಪರೇಟರಿ’ ಮಾತ್ರ ಶಾಲೆಯ ಬಾಗಿಲಿನಿಂದ ಒಳಬಂತು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆಗೆ ಮುಂಚೆ ನಡೆಯುವ ಪೂರ್ವಸಿದ್ಧತಾ ಪರೀಕ್ಷೆಯನ್ನು ಎಲ್ಲರೂ ಕರೆಯುವುದು ಆ ಹೆಸರಿನಿಂದಲೇ.

ಇಂಗ್ಲಿಷ್ ವ್ಯಾಕರಣದ ತರಗತಿಗಳಲ್ಲಿ ಕೋಳಿಯೊಂದು ಪ್ರಸಿದ್ಧವಾಗಿದೆ. ‘ಕೋಳಿ ತಿನ್ನಲು ರೆಡಿ’ ಎಂಬ ಅರ್ಥ ಬರುವ ವಾಕ್ಯವನ್ನು ಕೊಟ್ಟು, ತಿನ್ನುವುದು ಕೋಳಿಯೋ ನಾವೋ ಎಂದು ಅಧ್ಯಾಪಕರು ಕೇಳುತ್ತಾರೆ. ಕಾಳಿಗಾಗಿ ಕಾದ ಕೋಳಿಯೂ ಆಗಬಹುದು, ಬೆಂದು ಬಡಿಸಲು ಬಂದ ಕೋಳಿಯೂ ಆಗಬಹುದು. ಕನ್ನಡದ ‘ಕೋಳಿ ತಿನ್ನೋಕೆ ರೆಡಿ’ ಎಂಬುದರಲ್ಲಿ ಈ ಗೊಂದಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ನಾವು ಕರ್ತೃವನ್ನು ಬಿಟ್ಟು ಮಾತಾಡುವವರಾದ್ದರಿಂದ ‘ನಾನು ಕೋಳಿ ತಿನ್ನೋಕೆ ರೆಡಿ’ ಎಂಬ ಮೂರನೆಯ ಅರ್ಥವೂ ಅದರಲ್ಲಿ ಅಡಗಿದೆ. ಎಲೆ ಹಾಕಿದ ಮನೆಯಲ್ಲಿ ಯಾರಿಗೂ ಸಂಶಯ ಬರುವುದಿಲ್ಲ, ಅದು ಬೇರೆ ಮಾತು. ಯಾವುದಕ್ಕೆ ರೆಡಿ ಎಂಬ ಗುರಿಯನ್ನು ಹೇಳದೆ, ಇಲ್ಲವೆ ಊಹಿಸಿಕೊಳ್ಳದೆ, ಈ ಪದಕ್ಕೆ ಅರ್ಥವೇ ಪೂರ್ತಿಯಾಗುವುದಿಲ್ಲ ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ. ಕನ್ನಡದಲ್ಲಿ ಆ ಗುರಿ ಚತುರ್ಥಿಯಲ್ಲಿ ಬರುತ್ತದೆ: ಮದುವೆಗೆ ರೆಡಿ, ಜಗಳಕ್ಕೆ ರೆಡಿ, ಹೊರಡೋಕೆ ರೆಡಿ.

ಇನ್ನು ಡೆಕ್ಕನ್ ಕಾಲೇಜು. 1821ರಲ್ಲಿ ಪುಣೆಯ ಸಂಸ್ಕೃತ ಪಾಠಶಾಲೆಯಾಗಿ ಶುರುವಾಗಿ, ಮುಂದೆ ಕಾಲೇಜಾಗಿ, 1934ರಲ್ಲಿ ಮುಚ್ಚಿ, 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆದ ಈ ವಿದ್ಯಾಸಂಸ್ಥೆ ಕನ್ನಡ ಭಾಷಾವಿಜ್ಞಾನಕ್ಕೆ ತವರೆಂದರೆ ತಪ್ಪಾಗದು. ಜಿ. ಎಸ್. ಗಾಯಿ ಅವರು ಎಂಟರಿಂದ ಹತ್ತನೆಯ ಶತಮಾನದ ಶಾಸನಗಳನ್ನು ಆಧರಿಸಿ ಬರೆದ ಹಳಗನ್ನಡದ ಚಾರಿತ್ರಿಕ ವ್ಯಾಕರಣ 1946ರಲ್ಲಿ ಇಲ್ಲಿಂದ ಹೊರಬಂತು. ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆಯನ್ನು 1958ರಲ್ಲಿ ಇಲ್ಲೇ ಪ್ರಕಟಿಸಿದರು. ಯು. ಪಿ. ಉಪಾಧ್ಯಾಯರ ನಂಜನಗೂಡು ಕನ್ನಡದ ವಿವರಣೆಯೂ ಗುಲ್ಬರ್ಗ, ಹಾಲಕ್ಕಿ ಕನ್ನಡಗಳ ವಿವರಣೆಗಳೂ 1960ರ ದಶಕದಲ್ಲಿ ಅಚ್ಚಾದವು. ಎಚ್. ಎಸ್. ಬಿಳಿಗಿರಿ ಅವರು ಖಾರಿಯಾ ಎಂಬ ಮುಂಡಾ ಭಾಷೆಯ ವ್ಯಾಕರಣ ಬರೆದದ್ದೂ ಈ ಸಂಸ್ಥೆಯ ಆಶ್ರಯದಲ್ಲಿ. ಮೈಸೂರಿನಲ್ಲೋ ಧಾರವಾಡದಲ್ಲೋ ಆಗಬೇಕಿದ್ದ ಕೆಲಸ ಮುಳಾ-ಮುಠಾ ನದಿಗಳ ಊರಿನಲ್ಲಿ ಆದುದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ.

ಈ ಸಾಲಿನಲ್ಲಿ ನಮ್ಮ ಪದಕ್ಕೆ ನೇರವಾಗಿ ಸಂಬಂಧಪಟ್ಟವರು ಡಿ. ಎನ್. ಶಂಕರ ಭಟ್ಟರು. 1935ರಲ್ಲಿ ಹುಟ್ಟಿದ ದಕ್ಷಿಣ ಕನ್ನಡದ ಈ ವಿದ್ವಾಂಸರು ಡೆಕ್ಕನ್ ಕಾಲೇಜಿನಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ತುಳು, ಕೊರಗ, ಹವ್ಯಕ ಕನ್ನಡಗಳ ವಿವರಣೆಗಳನ್ನು ಅಲ್ಲಿಂದಲೇ ಪ್ರಕಟಿಸಿದರು. 1994ರಲ್ಲಿ ಹೊರಬಂದ ಅವರ ಇಂಗ್ಲಿಷ್ ಗ್ರಂಥವೊಂದರ ವಿಷಯವೇ ಗುಣವಾಚಕ ಎಂಬ ಪದವರ್ಗ. ನಾಮಪದವನ್ನು ವಿಶೇಷಿಸುವುದೇ ಗುಣವಾಚಕದ ಮುಖ್ಯ ಕಸುಬು; ಅದನ್ನು ಬಿಟ್ಟು ವಾಕ್ಯದ ಕೊನೆಯಲ್ಲಿ ವಿಧೇಯವಾಗಿ ನಿಂತಾಗ ಅದರ ಲಕ್ಷಣಗಳು ಸಡಿಲಗೊಳ್ಳುತ್ತವೆ; ಎಲ್ಲ ಭಾಷೆಗಳಲ್ಲೂ ಈ ವರ್ಗ ಒಂದೇ ಬಗೆಯಲ್ಲಿ ಇರುವುದಿಲ್ಲ ಎಂಬುದು ಅಲ್ಲಿನ ವಾದದ ತಿರುಳು. ಮುಂದೆ ಕನ್ನಡದಲ್ಲೇ ವ್ಯಾಕರಣ ಬರೆಯುವಾಗ ಅವರು ಈ ವರ್ಗಕ್ಕೆ ‘ಪರಿಚೆಪದ’ ಎಂದು ಹೆಸರಿಟ್ಟರು. ಕನ್ನಡ ವ್ಯಾಕರಣ ಸಂಸ್ಕೃತದ್ದನ್ನೋ ಇಂಗ್ಲಿಷಿನದನ್ನೋ ನಕಲು ಮಾಡಬಾರದು ಎಂಬ ಅವರ ಹಟದ ಬಗ್ಗೆ ಇಂದಿಗೂ ಜಗಳವಿದೆ. ಆದರೆ ರೆಡಿಯ ನಡವಳಿಕೆಯನ್ನು ವಿವರಿಸಲು ಆ ದೃಷ್ಟಿಯಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ.

ಕನ್ನಡದ ಅಚ್ಚ ಗುಣವಾಚಕಗಳನ್ನು ಗಮನಿಸಿ: ದೊಡ್ಡ, ಚಿಕ್ಕ, ಹೊಸ, ಹಳೆ, ಒಳ್ಳೆ. ಇವು ನಾಮಪದದ ಹಿಂದೆ ಆರಾಮಾಗಿ ಕೂರುತ್ತವೆ: ದೊಡ್ಡ ಮನೆ, ಒಳ್ಳೆ ಹುಡುಗ. ವಾಕ್ಯದ ಕೊನೆಗೆ ಹೋಗಬೇಕಾದರೆ ಮಾತ್ರ ಪ್ರತ್ಯಯ ಬೇಕು: ಮನೆ ದೊಡ್ಡದು, ಹುಡುಗ ಒಳ್ಳೆಯವನು. ರೆಡಿಯದು ಇದರ ತಲೆಕೆಳಗು. ‘ಊಟ ರೆಡಿ’, ‘ಹುಡುಗ ರೆಡಿ’ ಎಂದು ಕೊನೆಯಲ್ಲಿ ಬರಿಗೈಯಲ್ಲಿ ನಿಲ್ಲುತ್ತದೆ. ಹಿಂದೆ ಬರಬೇಕಾದರೆ ‘ರೆಡಿಯಾದ ಊಟ’, ‘ರೆಡಿ ಇರುವ ಹುಡುಗ’ ಎಂದು ಕ್ರಿಯಾಪದದ ಆಸರೆ ಬೇಡುತ್ತದೆ. ‘ರೆಡಿ ಹುಡುಗ’ ಎಂದು ಯಾರೂ ಅನ್ನುವುದಿಲ್ಲ. ತಯಾರು, ಅಣಿ, ಸಜ್ಜು ಇವುಗಳ ನಡೆಯೂ ಹೀಗೆಯೇ. ಹಾಗಾಗಿ ಇಂಗ್ಲಿಷಿನ ಗುಣವಾಚಕವೊಂದು ಕನ್ನಡಕ್ಕೆ ಗುಣವಾಚಕವಾಗಿ ಬಂತು ಎನ್ನುವುದಕ್ಕಿಂತ, ಈ ಹಳೆಯ ಮಾತುಗಳು ಕೂರುತ್ತಿದ್ದ ಪೀಠದಲ್ಲೇ ಅದೂ ಬಂದು ಕೂತಿತು ಎನ್ನುವುದು ಸರಿ. ‘ರೆಡಿ ಕ್ಯಾಶ್’, ‘ರೆಡಿ ಮಿಕ್ಸ್’ಗಳಲ್ಲಿ ಅದು ಹಿಂದೆ ಬಂದಿದೆಯಲ್ಲ ಎಂದರೆ, ಅವು ಜೋಡಿಯಾಗಿಯೇ ಆಮದಾದವು.

ಧ್ವನಿಯೂ ಅದಕ್ಕೆ ನೆರವಾಯಿತು. ಬ್ರೈಟ್ ಅವರು 1960ರ ಸುಮಾರಿಗೆ ಕನ್ನಡದ ಜಾತಿ ಉಪಭಾಷೆಗಳನ್ನು ಹೋಲಿಸಿ, ಹೊರಗಿನ ಪದಗಳನ್ನು ಹೊರಗಿನ ಧ್ವನಿಗಳ ಸಮೇತ ಉಳಿಸಿಕೊಳ್ಳುವುದು ಬ್ರಾಹ್ಮಣರ ಆಡುಮಾತಿನಲ್ಲಿ ಹೆಚ್ಚು ಎಂದು ತೋರಿಸಿದ್ದರು. ಫ, ಝಗಳಂಥ ಧ್ವನಿಗಳಿರುವ ಪದಗಳ ವಿಷಯದಲ್ಲಿ ಆ ಭೇದ ಕಿವಿಗೆ ಬೀಳುತ್ತದೆ. ರೆಡಿಯಲ್ಲಿ ತೊಡಕಿನ ಧ್ವನಿ ಒಂದೂ ಇಲ್ಲ. ‘ಬಸ್ಸು’, ‘ಬಾಲು’ಗಳಿಗೆ ಕೊನೆಯಲ್ಲಿ ಉಕಾರ ಅಂಟಿಸಿಕೊಂಡಂತೆ ಇದಕ್ಕೆ ಏನನ್ನೂ ಅಂಟಿಸಬೇಕಿರಲಿಲ್ಲ, ಗುಡಿ, ಮಡಿ, ಹಿಡಿಗಳ ಸಾಲಿನಲ್ಲಿ ಹಾಗೆಯೇ ಸೇರಿಕೊಂಡಿತು. ಶಾಲೆಗೆ ಹೋದವರು, ಹೋಗದವರು, ಪಟ್ಟಣದವರು, ಹಳ್ಳಿಯವರು ಎಲ್ಲರೂ ಇದನ್ನು ಹೆಚ್ಚುಕಡಿಮೆ ಒಂದೇ ರೀತಿ ಉಚ್ಚರಿಸುತ್ತಾರೆ.

ಬಳಕೆಯಲ್ಲಿ ಇದು ಆಗು, ಮಾಡು, ಇರು ಎಂಬ ಕ್ರಿಯಾಪದಗಳ ಜೊತೆಗಾರ. ‘ರೆಡಿ ಆದ್ಯಾ?’ ಎಂದರೆ ಸ್ನಾನ, ಬಟ್ಟೆ, ತಲೆ ಬಾಚುವುದು ಎಲ್ಲ ಮುಗಿಯಿತೇ ಎಂದು. ‘ಮದುಮಗಳನ್ನ ರೆಡಿ ಮಾಡ್ತಿದಾರೆ’ ಎಂದರೆ ಅಲಂಕಾರ. ‘ಅವನು ಒಪ್ಪೋಕೆ ರೆಡಿ ಇಲ್ಲ’ ಎಂದಾಗ ಸಿದ್ಧತೆಯ ಮಾತು ಹಿಂದೆ ಸರಿದು ಮನಸ್ಸಿಲ್ಲದಿರುವುದಷ್ಟೇ ಉಳಿಯುತ್ತದೆ. ‘ಜಾತಿ ಸರ್ಟಿಫಿಕೇಟು ರೆಡಿ ಮಾಡಿಸ್ಬೇಕು’ ಎಂಬಲ್ಲಿ ಕಚೇರಿಗೆ ಅಲೆದು ಕಾಗದ ಪಡೆಯುವ ಇಡೀ ಪಾಡು ಇದೆ. ಇನ್ನೊಂದು ಬಳಕೆ ಪೂರಾ ನಮ್ಮದು: ‘ಗಾಡಿ ರೆಡಿ ಮಾಡಿಸ್ದೆ’, ‘ಮಿಕ್ಸಿ ರೆಡಿ ಮಾಡ್ಕೊಡ್ತಾರೆ’. ಇಲ್ಲಿ ಅರ್ಥ ರಿಪೇರಿ. ಇಂಗ್ಲಿಷಿನಲ್ಲಿ ಹೀಗೆ ಹೇಳಿದರೆ ಗಾಡಿಯನ್ನು ಪ್ರಯಾಣಕ್ಕೆ ಅಣಿ ಮಾಡಿದರೆಂದೇ ತಿಳಿಯುತ್ತಾರೆ, ಕೆಟ್ಟದ್ದನ್ನು ಸರಿಮಾಡಿದರೆಂದು ಅಲ್ಲ. ಕೆಟ್ಟ ವಸ್ತು ಮತ್ತೆ ಕೆಲಸಕ್ಕೆ ಬಂದ ಗಳಿಗೆಯೊಂದನ್ನೇ ನೋಡಿ ರಿಪೇರಿಗೂ ಈ ಮಾತನ್ನು ಕನ್ನಡಿಗರು ಹಿಗ್ಗಿಸಿದ್ದಾರೆ. ಯಾವ ಭಾಗ ಬದಲಾಯಿತು, ಏನು ಬೆಸುಗೆಯಾಯಿತು ಎಂಬುದು ಮೆಕ್ಯಾನಿಕ್ಕಿಗೆ ಬಿಟ್ಟದ್ದು.

ಹಳೆಯ ಮಾತುಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಸಂಸ್ಕೃತದ ‘ಸಿದ್ಧ’ ಗುರಿ ಮುಟ್ಟು ಎಂಬ ಅರ್ಥದ ಧಾತುವಿನದು. ಸಾಧನೆ ಮುಗಿದವನು ಸಿದ್ಧ, ವಾದ ನಿಂತ ನೆಲೆ ಸಿದ್ಧಾಂತ, ಬೆಂದ ಅನ್ನ ಸಿದ್ಧಾನ್ನ. ಇದರಲ್ಲಿ ಪೂರ್ಣಗೊಂಡದ್ದರ ಗೌರವವಿದೆ, ಅದಕ್ಕೇ ಸರ್ಕಾರಿ ಕನ್ನಡಕ್ಕೆ ಇದು ಪ್ರಿಯ. ‘ಸನ್ನದ್ಧ’ದಲ್ಲಿ ಕಟ್ಟು ಎಂಬ ಧಾತುವಿದೆ, ಕವಚ ಬಿಗಿದುಕೊಂಡ ಯೋಧನ ಮಾತು ಅದು, ಈಗ ಚುನಾವಣೆ ವರದಿಗಳಲ್ಲಿ ಮಾತ್ರ ಕಾಣಸಿಗುತ್ತದೆ. ‘ಸಜ್ಜು’ ಇವತ್ತಿಗೂ ಕುದುರೆಯ ಜೀನು-ಲಗಾಮುಗಳ ಹೆಸರೂ ಹೌದು. ಇಂಗ್ಲಿಷ್ ರೆಡಿಯ ಹಿಂದೆಯೂ ಕುದುರೆಯೇ ಇದ್ದಿರಬಹುದೆಂಬುದನ್ನು ನೆನೆದರೆ, ಒಂದಕ್ಕೊಂದು ನಂಟಿಲ್ಲದ ಎರಡು ಮಾತುಗಳು ಒಂದೇ ಲಾಯದಿಂದ ಹೊರಟಂತಿದೆ. ‘ಅಣಿ’ ದ್ರಾವಿಡದ್ದು. ತಮಿಳಿನಲ್ಲಿ ಸಾಲು, ಒಡವೆ, ಪಡೆಯ ವಿಭಾಗ ಎಂಬ ಅರ್ಥಗಳು ಅದಕ್ಕಿವೆ. ತುಳುನಾಡಿನ ಭೂತಕೋಲದಲ್ಲಿ ಪಾತ್ರಿಯ ಬೆನ್ನಿಗೋ ತಲೆಗೋ ಕಟ್ಟುವ ದೊಡ್ಡ ಪ್ರಭಾವಳಿಯ ಹೆಸರೂ ಅಣಿ. ಅಂದಗೊಳಿಸಿ ಕ್ರಮದಲ್ಲಿ ಇಡುವುದೇ ಇಲ್ಲಿ ಸಿದ್ಧತೆ. ಇನ್ನು ‘ಹದ’: ಬೆಲ್ಲದ ಪಾಕ, ಬಿತ್ತನೆಯ ಮಣ್ಣು, ಉಪ್ಪಿನಕಾಯಿಯ ಮಾವು ಇವಕ್ಕೆ ರೆಡಿ ಸಾಲದು. ‘ಪಾಕ ರೆಡಿ’ ಎಂದರೆ ಒಲೆಯಿಂದ ಇಳಿಸಿದ್ದಾಯಿತು ಎಂದಷ್ಟೇ. ‘ಪಾಕ ಹದಕ್ಕೆ ಬಂತು’ ಎಂದರೆ ಎಳೆ ಎಷ್ಟು ಎಳೆದೀತು ಎಂಬುದು ಕೈಗೆ ಗೊತ್ತು. ರೆಡಿ ಸೋತ ಜಾಗಗಳಲ್ಲಿ ಇದೊಂದು.

‘ತಯಾರು’ ಪಾರಸಿಯ ದಾರಿಯಲ್ಲಿ ಬಂದದ್ದು. ಹಾರಲು ಸಿದ್ಧವಾದ ಗಿಡುಗಕ್ಕೆ ಬೇಟೆಗಾರರು ಹೇಳುತ್ತಿದ್ದ ಮಾತು ಅದೆಂಬ ವಿವರಣೆಯೂ ಉಂಟು. ಮರಾಠಿಯ ನೆರೆಯ ಉತ್ತರ ಕರ್ನಾಟಕದಲ್ಲಿ ಈ ಪದದ ನೆಲೆ ಗಟ್ಟಿ: ‘ಅಡಿಗಿ ತಯಾರ್ ಆಗೇತಿ’, ‘ನಾ ತಯಾರಿಲ್ಲ’. ಅದಕ್ಕೆ ಇನ್ನೊಂದು ಬಾಳು ಹಿಂದೂಸ್ತಾನಿ ಸಂಗೀತದಲ್ಲಿದೆ. ಪುಣೆಗೂ ಕನ್ನಡಕ್ಕೂ ಅತಿ ಹತ್ತಿರದ ಸೇತುವೆ ಕಟ್ಟಿದ್ದು ಇದೇ ಸಂಗೀತ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು ಮುಂದಾಳಾಗಿ 1953ರಿಂದ ನಡೆಸಿದ ಸವಾಯಿ ಗಂಧರ್ವ ಸಂಗೀತೋತ್ಸವ ಪುಣೆಯ ಚಳಿಗಾಲದ ದೊಡ್ಡ ಹಬ್ಬವಾಯಿತು. ಅಲ್ಲಿ ಕೂತ ರಸಿಕರು ಗಾಯಕನ ಬಗ್ಗೆ ‘ತಯಾರಿ ಇದೆ’ ಎಂದರೆ ಅವತ್ತಿನ ಕಛೇರಿಗೆ ಸಿದ್ಧನಾಗಿ ಬಂದಿದ್ದಾನೆ ಎಂದರ್ಥವಲ್ಲ. ವರ್ಷಾನುಗಟ್ಟಲೆ ರಿಯಾಜಿನಿಂದ ಕಂಠ ಪಳಗಿದೆ, ದ್ರುತದ ತಾನುಗಳು ಸ್ವರ ತಪ್ಪದೆ ಉರುಳುತ್ತವೆ ಎಂದು. ಇದೇ ಮಾತು ಕೆಲವೊಮ್ಮೆ ಚುಚ್ಚುವುದಕ್ಕೂ ಬರುತ್ತದೆ: ತಯಾರಿ ಇದೆ, ಆದರೆ ರಾಗ ಕಾಣಲಿಲ್ಲ. ‘ರೆಡಿ ಕಂಠ’ ಎಂದರೆ ಇದಾವುದೂ ಹೊಳೆಯುವುದಿಲ್ಲ. ಹೆಚ್ಚೆಂದರೆ ಮೈಕಿನ ಮುಂದೆ ಬಂದು ಕೂತಿದ್ದಾನೆ ಎಂದಾದೀತು.

ಸಮಾಸಗಳಲ್ಲಿ ರೆಡಿಯ ಗಳಿಕೆ ದೊಡ್ಡದು. ‘ರೆಡಿಮೇಡ್’ ಮೊದಲು ಬಟ್ಟೆಗೆ ಬಂತು, ಅಳತೆ ಕೊಟ್ಟು ಹೊಲಿಸುವುದರ ಎದುರು ಪದವಾಗಿ. ಕನ್ನಡ ಪತ್ರಿಕೆಗಳು ಅದನ್ನು ‘ಸಿದ್ಧ ಉಡುಪು’ ಮಾಡಿಕೊಂಡವು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸುದ್ದಿಯಲ್ಲಿ ಆ ರೂಪವೇ ಬರುತ್ತದೆ. ಮಾತಿನಲ್ಲಿ ಮಾತ್ರ ರೆಡಿಮೇಡ್ ಉಳಿದು, ‘ರೆಡಿಮೇಡ್ ಉತ್ತರ’ ಎಂಬ ತುಸು ತಾತ್ಸಾರದ ಪ್ರಯೋಗಕ್ಕೂ ದಾರಿಯಾಯಿತು. ‘ರೆಡಿ ರೆಕನರ್’ ಮೊದಲಿಗೆ ಬಡ್ಡಿ, ತೂಕ, ಬೆಲೆಗಳನ್ನು ಮುಂಚೆಯೇ ಲೆಕ್ಕ ಹಾಕಿಟ್ಟ ಕೋಷ್ಟಕಗಳ ಪುಸ್ತಕ. ಮಹಾರಾಷ್ಟ್ರದಲ್ಲಿ ಅದೇ ಹೆಸರು ಆಸ್ತಿಯ ಸರ್ಕಾರಿ ಕನಿಷ್ಠ ದರಪಟ್ಟಿಗೆ ಅಂಟಿತು, ಪುಣೆಯಲ್ಲಿ ಮುಖ್ಯ ಕಚೇರಿ ಇರುವ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಅದನ್ನು ಹೊರಡಿಸುತ್ತದೆ. ಕರ್ನಾಟಕದಲ್ಲಿ ಅದೇ ವಸ್ತು ಮಾರ್ಗಸೂಚಿ ದರ, ಬಾಯಿಮಾತಿನಲ್ಲಿ ಗೈಡೆನ್ಸ್ ವ್ಯಾಲ್ಯೂ. ಸೊಲ್ಲಾಪುರದಲ್ಲಿ ನಿವೇಶನ ಕೊಳ್ಳುವ ಕನ್ನಡಿಗನಿಗೂ ವಿಜಯಪುರದಲ್ಲಿ ಕೊಳ್ಳುವ ಅವನ ಸೋದರಮಾವನಿಗೂ ಇಲ್ಲಿ ಪದಕೋಶ ಬೇರೆ.

ಪುಣೆಗೆ ರೆಡಿಯ ಚರಿತ್ರೆಯಲ್ಲಿ ಇನ್ನೊಂದು ಪಾಲಿದೆ. ಭಾರತದಲ್ಲಿ ರೆಡಿ ಮಿಕ್ಸ್ ಕಾಂಕ್ರೀಟಿನ ಮೊದಲ ವಾಣಿಜ್ಯ ಘಟಕವೆಂದು ಹೆಸರಿಸುವುದು 1987ರಲ್ಲಿ ಅಲ್ಲಿ ಶುರುವಾದದ್ದನ್ನು. ಅದು ಹೆಚ್ಚು ದಿನ ನಡೆಯಲಿಲ್ಲ. ಈ ಉದ್ಯಮ ನಿಜವಾಗಿ ಬೇರೂರಿದ್ದು 1990ರ ದಶಕದಲ್ಲಿ. ಆ ಕಾಂಕ್ರೀಟು ಘಟಕ ಬಿಟ್ಟ ಗಳಿಗೆಯಿಂದಲೇ ಗಟ್ಟಿಯಾಗತೊಡಗುತ್ತದೆ. ಡ್ರಮ್ಮು ತಿರುಗಿಸುತ್ತ ಬರುವ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅದರ ‘ರೆಡಿ’ತನ ಮುಗಿದಂತೆಯೇ, ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಸುರಿದು ಮುಗಿಸಬೇಕು. ಈ ಪದಕ್ಕೆ ಕಾಲದ ಜೊತೆ ಇರುವ ನಂಟು ಇಷ್ಟು ಬಿಗಿಯಾಗಿ ಕಾಣುವ ಜಾಗ ಇನ್ನೊಂದಿಲ್ಲ.

ಆಹಾರದ ಪೊಟ್ಟಣಗಳ ಮೇಲೆ ಇದು ಎರಡಾಗಿ ಸೀಳಿದೆ. ‘ರೆಡಿ ಟು ಈಟ್’ ಬಿಸಿಮಾಡಿ ತಿನ್ನುವುದು, ‘ರೆಡಿ ಟು ಕುಕ್’ ಬೇಯಿಸಿಯೇ ತಿನ್ನಬೇಕಾದದ್ದು. ಸೈನಿಕರ ಊಟಕ್ಕಾಗಿ ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನ ಪ್ರಯೋಗಾಲಯ ಪೊಟ್ಟಣದೊಳಗೇ ಬೇಯಿಸಿ ಕೆಡದಂತೆ ಇಡುವ ತಂತ್ರವನ್ನು ನಮ್ಮ ತಿಂಡಿಗಳಿಗೆ ಒಗ್ಗಿಸಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಎಂಟಿಆರ್ ದಿಢೀರ್ ಮಿಶ್ರಣಗಳ ಕಡೆ ಹೊರಳಿತು. ‘ದಿಢೀರ್’ ಎಂಬ ಅನುಕರಣ ಪದ ಇಲ್ಲಿ ಕನ್ನಡದ ಒಳ್ಳೆಯ ಕೊಡುಗೆ. ಅದೂ ರೆಡಿಯ ಹಾಗೆ ವೇಗದ ಮಾತೇ ಹೊರತು ಕೈಚಳಕದ ಮಾತಲ್ಲ. ಸಿನಿಮಾ ಸೆಟ್ಟಿನ ರೆಡಿ ಇನ್ನೂ ಚಿಕ್ಕದು, ಕ್ಯಾಮೆರಾ ಓಡುವುದಕ್ಕೆ ಮುಂಚಿನ ಕೂಗು. 1970ರ ದಶಕದಲ್ಲಿ ಗಿರೀಶ ಕಾರ್ನಾಡರು ನಿರ್ದೇಶಕರಾಗಿದ್ದ, ಗಿರೀಶ ಕಾಸರವಳ್ಳಿ ಕಲಿತ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಆ ಕೂಗು ಪಾಠದ ಒಂದು ಭಾಗ.

ನಿಘಂಟುಗಳ ಕಡೆ ನೋಡಿದರೆ, ಇಂಗ್ಲಿಷ್ ಪದಗಳು ಕನ್ನಡಕ್ಕೆ ಅಚ್ಚಿನಲ್ಲಿ ಎದುರಾದದ್ದು 1824ರ ವಿಲಿಯಂ ರೀವ್ ಅವರ ಇಂಗ್ಲಿಷ್–ಕರ್ನಾಟಕ ನಿಘಂಟಿನಲ್ಲಿ. ಮರಾಠಿಗೆ ಅಂಥದೇ ಕೆಲಸವನ್ನು ಮೋಲ್ಸ್‌ವರ್ತ್ ಮತ್ತು ಥಾಮಸ್ ಕ್ಯಾಂಡಿ 1847ರಲ್ಲಿ ಮುಗಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನ ವಾಮನ ಶಿವರಾಮ ಆಪ್ಟೆಯವರ ಇಂಗ್ಲಿಷ್–ಸಂಸ್ಕೃತ ನಿಘಂಟು 1884ರದು, ಸಂಸ್ಕೃತ–ಇಂಗ್ಲಿಷ್ ನಿಘಂಟು 1890ರದು. ಇವೆಲ್ಲ ಪದಕ್ಕೆ ಪದ ಕೊಡುವ ಪುಸ್ತಕಗಳು. ಬಳಕೆಯ ಚರಿತ್ರೆಯನ್ನೇ ಹೇಳುವ ಬೃಹತ್ ಯೋಜನೆ 1948ರಲ್ಲಿ ಡೆಕ್ಕನ್ ಕಾಲೇಜಿನಲ್ಲಿ ಶುರುವಾಯಿತು, ಹೊನ್ನಾವರ ಮೂಲದ ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ. ಋಗ್ವೇದದಿಂದ ಹತ್ತೊಂಬತ್ತನೆಯ ಶತಮಾನದವರೆಗಿನ ಸುಮಾರು 1,500 ಸಂಸ್ಕೃತ ಗ್ರಂಥಗಳನ್ನು ಓದಿ, ಪ್ರತಿ ಪ್ರಯೋಗವನ್ನೂ ಚೀಟಿಯಲ್ಲಿ ಬರೆದು, ಒಂದು ಕೋಟಿಯ ಆಸುಪಾಸು ಚೀಟಿಗಳನ್ನು ಜೋಡಿಸಿದರು. ಬರೀ ಸಿದ್ಧತೆಗೇ ಕಾಲು ಶತಮಾನ ಹಿಡಿಯಿತು. ಮೊದಲ ಸಂಪುಟ ಬಂದದ್ದು 1976ರಲ್ಲಿ, ಎ. ಎಂ. ಘಾಟಗೆಯವರ ಸಂಪಾದಕತ್ವದಲ್ಲಿ. ಮೂವತ್ತಕ್ಕೂ ಹೆಚ್ಚು ಸಂಪುಟಗಳಾದ ಮೇಲೂ ಅಕಾರ ಮುಗಿದಿಲ್ಲ. ಸಕಾರದ ‘ಸಿದ್ಧ’ ಅಲ್ಲಿ ಅಚ್ಚಾಗುವುದು ಬಹಳ ದೂರದ ಮಾತು.

ಕನ್ನಡದಲ್ಲಿ ರೆಡಿಗೆ ಅಂಥ ಚೀಟಿಗಳು ಬೇಕೆಂದರೆ ಶಾಸನ, ಕಾವ್ಯಗಳಲ್ಲಿ ಹುಡುಕಿ ಫಲವಿಲ್ಲ. ಸಿನಿಮಾ ಸಂಭಾಷಣೆ, ವಾರಪತ್ರಿಕೆಯ ಕಥೆ, ಗ್ಯಾರೇಜಿನ ಬಿಲ್ಲು, ಟೈಲರ್ ಅಂಗಡಿಯ ರಸೀತಿ ಇವೇ ಅದರ ಆಕರ. ಪದದ ಎದುರು ‘ಸಿದ್ಧ, ತಯಾರಾದ’ ಎಂದು ಬರೆದು ಮುಂದೆ ಹೋಗುವ ನಿಘಂಟುಕಾರ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ: ಚತುರ್ಥಿಯ ಗುರಿ, ‘ಇಲ್ಲ’ದ ಜೊತೆ ಬಂದಾಗ ಮನಸ್ಸಿಲ್ಲ ಎಂಬ ಅರ್ಥ, ‘ಮಾಡಿಸು’ವಿನ ಜೊತೆ ಬಂದಾಗ ರಿಪೇರಿ ಎಂಬ ಅರ್ಥ, ಈ ಮೂರನ್ನೂ ಪ್ರತ್ಯೇಕ ಉದಾಹರಣೆಗಳೊಡನೆ ಕೊಡಬೇಕಾಗುತ್ತದೆ.